ಥಂಡಿ ಜೋರು, ಗಾಳಿ ಇಲ್ಲ: ಇಂಥ ದಿನ ಕರೆಂಟ್ ಯಾವ ಹೊತ್ತಿಗೆ ಬಳಸಬೇಕು?

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಥಂಡಿ ಜೋರಾಗಿ, ಬೇವಿನ ಎಲೆಯೂ ಅಲುಗಾಡದ ದಿನಗಳಲ್ಲಿ ಕರೆಂಟ್ ತೊಂದರೆ ಇಡೀ ದಿನ ಇರುವುದಿಲ್ಲ. ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಹತ್ತು. ಹೆಚ್ಚುಕಡಿಮೆ ಈ ಎರಡು ಹೊತ್ತು ಅಷ್ಟೇ. ನಡುವಿನ ಹಗಲಿನಲ್ಲಿ ಕರೆಂಟ್ ಧಾರಾಳವಾಗಿ ಇರುತ್ತದೆ. ಆದ್ದರಿಂದ ಭಾರದ ಕೆಲಸವನ್ನೆಲ್ಲ ಆದಷ್ಟು ಹತ್ತರಿಂದ ನಾಲ್ಕರ ನಡುವೆ ಇಟ್ಟುಕೊಳ್ಳಿ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಹೀಗೆ, ನಾಳೆ ಹೇಗಿರುತ್ತದೆ ಅಂತ ನೀವೇ ನೋಡಿಕೊಳ್ಳುವುದು ಹೇಗೆ, ಗೀಸರ್, ಮೋಟರ್, ಗಿರಣಿ ಇವನ್ನು ಯಾವಾಗ ಓಡಿಸಬೇಕು ಅನ್ನುವವರು ಮುಂದೆ ಓದಿ.

ಗಾಳಿ ಎಲ್ಲಿ ಹೋಗುತ್ತದೆ?

ನಮ್ಮ ರಾಜ್ಯದ ಗಾಳಿಗೂ ಒಂದು ಹಂಗಾಮು ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಗಾಳಿ ಅರಬ್ಬಿ ಸಮುದ್ರದ ಕಡೆಯಿಂದ ಘಟ್ಟ ದಾಟಿ ಬಂದು ಚಿತ್ರದುರ್ಗ, ಗದಗ, ಸವದತ್ತಿ ಗುಡ್ಡಗಳ ಮೇಲೆ, ವಿಜಯಪುರದ ಬಯಲಿನ ಮೇಲೆ ಜೋರಾಗಿ ಬೀಸುತ್ತದೆ. ವರ್ಷದ ಗಾಳಿ ಕರೆಂಟಿನ ದೊಡ್ಡ ಪಾಲು ಆಗಲೇ ಬರುತ್ತದೆ. ರಾಜ್ಯದಲ್ಲಿ ಗಾಳಿಯಂತ್ರಗಳ ಸಾಮರ್ಥ್ಯ 6 ಸಾವಿರ ಮೆಗಾವ್ಯಾಟ್‌ಗೂ ಹೆಚ್ಚು. ಆದರೆ ಅದು ಗಾಳಿ ಪೂರ್ತಿ ಬೀಸಿದಾಗಿನ ಲೆಕ್ಕ. ಡಿಸೆಂಬರ್-ಜನವರಿಯಲ್ಲಿ ಆ ಲೆಕ್ಕ ನಂಬಿ ಕೂತರೆ ಆಗುವುದಿಲ್ಲ.

ಥಂಡಿಗೂ ಗಾಳಿ ನಿಲ್ಲುವುದಕ್ಕೂ ಸಂಬಂಧ ಇದೆ. ಚಳಿಗಾಲದಲ್ಲಿ ರಾತ್ರಿ ಆಕಾಶ ಬಯಲಾಗಿರುತ್ತದೆ, ಮೋಡ ಇರುವುದಿಲ್ಲ, ಎರೆ ಭೂಮಿಯಲ್ಲಿದ್ದ ಬಿಸಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ ಕೆಳಗೇ ಕೂತುಬಿಡುತ್ತದೆ. ಮೇಲಿನ ಬೆಚ್ಚಗಿನ ಗಾಳಿ ಕೆಳಗೆ ಇಳಿಯುವುದಿಲ್ಲ, ಕೆಳಗಿನದು ಮೇಲೆ ಹೋಗುವುದಿಲ್ಲ. ಬಚ್ಚಲ ಒಲೆಯ ಹೊಗೆ ಮೇಲೆ ಏರದೆ ಓಣಿಯಲ್ಲೇ ಹಾಸಿಕೊಂಡಿರುವುದನ್ನು ನೋಡಿರುತ್ತೀರಲ್ಲ, ಅದೇ ಇದು.

ಇಲ್ಲಿ ಒಂದು ಎಚ್ಚರ. ಅಂಗಳದಲ್ಲಿ ಗಾಳಿ ಇಲ್ಲ ಅಂದ ಮಾತ್ರಕ್ಕೆ ಗಾಳಿಯಂತ್ರ ನಿಂತಿದೆ ಅಂತ ಅಲ್ಲ. ಈಗಿನ ಯಂತ್ರಗಳು ನೂರು ಮೀಟರ್, ಅದಕ್ಕೂ ಎತ್ತರದಲ್ಲಿ ಇರುತ್ತವೆ. ಎಷ್ಟೋ ರಾತ್ರಿ ಕೆಳಗೆ ಸ್ತಬ್ಧ, ಮೇಲೆ ಒಳ್ಳೆಯ ಗಾಳಿ. ತೊಂದರೆ ಆಗುವುದು ಮೇಲೆಯೂ ಗಾಳಿ ಸತ್ತಾಗ. ಗಾಳಿಯಂತ್ರ ತಿರುಗಲು ಸೆಕೆಂಡಿಗೆ ಸುಮಾರು 3 ಮೀಟರ್ ವೇಗ ಬೇಕು, ಅಂದರೆ ಗಂಟೆಗೆ 10-11 ಕಿಲೋಮೀಟರ್. ತಿರುಗಿದ ಮಾತ್ರಕ್ಕೆ ಕರೆಂಟ್ ಜಾಸ್ತಿ ಬರುತ್ತದೆ ಅಂತಲೂ ಇಲ್ಲ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಗಾಳಿಯಲ್ಲಿರುವ ಶಕ್ತಿ ಅರ್ಧ ಆಗುವುದಿಲ್ಲ, ಎಂಟನೇ ಒಂದು ಭಾಗ ಆಗುತ್ತದೆ. ದೂರದಿಂದ ರೆಕ್ಕೆ ಮೆಲ್ಲಗೆ ತಿರುಗುವುದು ಕಂಡು "ಓಡಾಕತ್ತೈತಲ್ಲ" ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ.

ಇನ್ನೊಂದು ವಿಷಯ. ಈ ಸ್ತಬ್ಧ ಹವಾ ಒಂದು ತಾಲ್ಲೂಕಿಗೆ ಮಾತ್ರ ಬರುವುದಿಲ್ಲ. ಪಕ್ಕದ ಮಹಾರಾಷ್ಟ್ರ, ತಮಿಳುನಾಡಿನ ಗಾಳಿಗೂ ಮುಂಗಾರೇ ಆಧಾರ. ನಮ್ಮಲ್ಲಿ ಇಲ್ಲದಾಗ ಅವರಲ್ಲೂ ಕಡಿಮೆ.

ಹಾಗಾದರೆ ಆಗ ಕರೆಂಟ್ ಕೊಡುವವರು ಯಾರು?

ಮೊದಲನೆಯದು ಕಲ್ಲಿದ್ದಲು. ರಾಯಚೂರಿನ ಶಕ್ತಿನಗರದ 1,720 ಮೆಗಾವ್ಯಾಟ್, ಬಳ್ಳಾರಿಯ 1,700, ಯರಮರಸ್‌ನ 1,600. ನಮ್ಮ ವಿಜಯಪುರ ಜಿಲ್ಲೆಯಲ್ಲೇ ಕೂಡಗಿಯ ಎನ್‌ಟಿಪಿಸಿ ಸ್ಥಾವರ ಇದೆ, 800ರ ಮೂರು ಘಟಕ, ಒಟ್ಟು 2,400 ಮೆಗಾವ್ಯಾಟ್. "ಕೂಡಗಿ ನಮ್ಮ ಬಾಜೂಕ ಇದ್ರೂ ನಮಗ್ಯಾಕ ಕರೆಂಟ್ ಹೋಗ್ತದ್ರಿ?" ಅಂತ ಕೇಳದವರಿಲ್ಲ. ಕೂಡಗಿಯ ಕರೆಂಟ್ ದೊಡ್ಡ ಲೈನಿಗೆ ಹೋಗುತ್ತದೆ, ಅದರಲ್ಲಿ ಬೇರೆ ರಾಜ್ಯಗಳಿಗೂ ಪಾಲಿದೆ. ನಿಮ್ಮ ಓಣಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್‌ನ ಫ್ಯೂಜ್ ಹೋದರೆ ಕೂಡಗಿ ಪಕ್ಕದ ಮನೆಯಲ್ಲಿದ್ದರೂ ಪ್ರಯೋಜನ ಇಲ್ಲ.

ಕಲ್ಲಿದ್ದಲಿನ ಕಷ್ಟ ಅಂದರೆ ಅದು ಬೇಗ ಏರುವುದಿಲ್ಲ. ತಣ್ಣಗಾದ ಘಟಕ ಬಚ್ಚಲ ಹಂಡೆ ಇದ್ದ ಹಾಗೆ, ಒಲೆ ಹಚ್ಚಿದ ಕೂಡಲೇ ಬಿಸಿನೀರು ಸಿಗದು. ಪೂರ್ತಿ ತಣ್ಣಗಾಗಿದ್ದರೆ ಮತ್ತೆ ಲೈನಿಗೆ ಬರಲು ಹಲವು ಗಂಟೆ ಬೇಕು. ಓಡುತ್ತಿರುವ ಘಟಕವನ್ನೂ ಇಷ್ಟ ಬಂದಷ್ಟು ಇಳಿಸಲು ಬರುವುದಿಲ್ಲ, ಸುಮಾರು ಶೇಕಡ 55ಕ್ಕಿಂತ ಕೆಳಗೆ ಇಳಿಸುವುದು ಕಷ್ಟ. ಹಗಲು ಸೋಲಾರ್ ತುಂಬಿ ಬಂದಾಗ ಇಳಿಸಬೇಕು, ಸೂರ್ಯ ಮುಳುಗಿದ ಕೂಡಲೇ ಏರಿಸಬೇಕು. ದಿನಾ ಇದೇ ಸರ್ಕಸ್.

ಬೇಗ ಕೈಗೆ ಸಿಗುವುದು ನೀರು. ಶರಾವತಿಯ 1,035 ಮೆಗಾವ್ಯಾಟ್, ಕಾಳಿಯ ನಾಗಝರಿ, ವಾರಾಹಿಯ 460 ಇವೆಲ್ಲ ಕೆಲವೇ ನಿಮಿಷದಲ್ಲಿ ಏರುತ್ತವೆ. ಬೆಳಗ್ಗೆ-ಸಂಜೆಯ ಏರು ಹೊತ್ತು ದಾಟಿಸುವುದು ಮುಖ್ಯವಾಗಿ ಇವೇ. ಆದರೆ ಲಿಂಗನಮಕ್ಕಿಯಲ್ಲಿರುವ ನೀರು ಮುಂದಿನ ಜೂನ್‌ವರೆಗೆ ಬರಬೇಕು. ಜನವರಿಯಲ್ಲೇ ಖರ್ಚು ಮಾಡಿದರೆ ಏಪ್ರಿಲ್‌ನಲ್ಲಿ ಏನು ಮಾಡುವುದು? ನಮ್ಮ ಆಲಮಟ್ಟಿಯಲ್ಲೂ 290 ಮೆಗಾವ್ಯಾಟ್ ಇದೆ, ಆದರೆ ಅದು ಹೊಳೆಗೆ ಬಿಡುವ ನೀರಿನ ಮೇಲೆ ನಿಂತಿದ್ದು. ಮಳೆಗಾಲದಲ್ಲಿ ಜೋರು, ಚಳಿಗಾಲದಲ್ಲಿ ಬಿಡುವ ನೀರೇ ಕಡಿಮೆ.

ಈ ಕಡೆಯವರಿಗೆ ಗೊತ್ತಿದ್ದೂ ನೆನಪಿಗೆ ಬಾರದ ಒಂದು ಆಧಾರ ಇದೆ. ಸಕ್ಕರೆ ಕಾರ್ಖಾನೆಗಳು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಸರಿಯಾಗಿ ಚಳಿಗಾಲಕ್ಕೇ ಬರುತ್ತದೆ. ಕಬ್ಬಿನ ಸಿಪ್ಪೆ ಸುಟ್ಟು ಹಗಲು ರಾತ್ರಿ ಕರೆಂಟ್ ಮಾಡುತ್ತಾರೆ, ಕಾರ್ಖಾನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಲೈನಿಗೆ ಬಿಡುತ್ತಾರೆ. ರಾಜ್ಯದಲ್ಲಿ ಇದರ ಸಾಮರ್ಥ್ಯ 1,500 ಮೆಗಾವ್ಯಾಟ್‌ಗೂ ಹೆಚ್ಚು. ಗಾಳಿ ನಿಂತರೂ ಇದು ನಿಲ್ಲುವುದಿಲ್ಲ. ಹಾಗಾಗಿ ಕಬ್ಬಿನ ದರದ ಜಗ್ಗಾಟದಲ್ಲಿ ಕಾರ್ಖಾನೆ ತಡವಾಗಿ ಸುರುವಾದರೆ ಅದರ ಬಿಸಿ ಕರೆಂಟಿಗೂ ತಟ್ಟುತ್ತದೆ. ಪೇಪರಿನಲ್ಲಿ ಇದನ್ನು ಯಾರೂ ಈ ರೀತಿ ಜೋಡಿಸಿ ಬರೆಯುವುದಿಲ್ಲ, ಆದರೆ ನೀವು ನೋಡಬೇಕು.

ಉಳಿದದ್ದು ಹೊರಗಿನಿಂದ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆದ ಮೇಲೆ ದಕ್ಷಿಣದ ಜಾಲ ಇಡೀ ದೇಶದ ಜಾಲಕ್ಕೆ ಸೇರಿತು. ಈಗ ಉತ್ತರದಿಂದ ಕರೆಂಟ್ ತರಬಹುದು. 2023ರಲ್ಲಿ ಮಳೆ ಕೈಕೊಟ್ಟು, ಅಣೆಕಟ್ಟು ತುಂಬದೆ, ರೈತರು ಅಕ್ಟೋಬರ್‌ನಲ್ಲೇ ಮೋಟರ್ ಹಚ್ಚಬೇಕಾಗಿ ಬಂದಾಗ ಸರ್ಕಾರ ಮಾಡಿದ್ದೂ ಅದೇ. ಪಂಜಾಬ್, ಉತ್ತರ ಪ್ರದೇಶದಿಂದ ಕೈಗಡದ ಲೆಕ್ಕದಲ್ಲಿ ಕರೆಂಟ್ ತಂದರು. ಅವರಿಗೆ ಭತ್ತದ ನಾಟಿಗೆ ಜೂನ್ ನಂತರ ಬೇಕು, ನಮ್ಮಲ್ಲಿ ಆಗ ಗಾಳಿ ಜೋರಾಗಿರುತ್ತದೆ, ಆಗ ತಿರುಗಿಸಿ ಕೊಡುವುದು. ಒಳ್ಳೆಯ ವ್ಯವಹಾರ. ಅದೇ ಅಕ್ಟೋಬರ್‌ನಲ್ಲಿ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ ಖಾಸಗಿ ಉತ್ಪಾದಕರೆಲ್ಲ ಕರೆಂಟನ್ನು ರಾಜ್ಯಕ್ಕೇ ಕೊಡಬೇಕು ಅಂತಲೂ ಆದೇಶ ಮಾಡಿದರು.

ಆದರೆ ಜನವರಿಯ ಬೆಳಗ್ಗೆ ಉತ್ತರದವರಿಗೂ ಥಂಡಿ, ನಮಗಿಂತ ಜಾಸ್ತಿ. ಅಲ್ಲಿ ಹೀಟರ್, ಗೀಸರ್ ಎಲ್ಲ ಓಡುತ್ತಿರುತ್ತವೆ, ದಟ್ಟ ಮಂಜಿನಿಂದ ಸೋಲಾರ್ ಕೂಡ ತಡವಾಗಿ ಏರುತ್ತದೆ. ಹಾಗಾಗಿ ನಮಗೆ ಬೇಕಾದ ಹೊತ್ತಿಗೇ ಅವರಿಗೂ ಬೇಕು. ಪೇಟೆಯಲ್ಲಿ ದರ ಏರುತ್ತದೆ.

ಇನ್ನು ಸೂರ್ಯ. ಜರ್ಮನಿಯಲ್ಲಿ 2024ರ ಡಿಸೆಂಬರ್ 12ರಂದು ಗಾಳಿ ಸತ್ತು, ಮೋಡ ಕವಿದು, ಸಂಜೆಯ ಒಂದು ಗಂಟೆಯ ಸಗಟು ದರ ಮೆಗಾವ್ಯಾಟ್-ಗಂಟೆಗೆ 936 ಯೂರೋ ಮುಟ್ಟಿತು. ನಮ್ಮ ಲೆಕ್ಕದಲ್ಲಿ ಒಂದು ಯೂನಿಟ್‌ಗೆ 80 ರೂಪಾಯಿಗೂ ಮೇಲೆ! ಅಲ್ಲಿ ಡಿಸೆಂಬರ್‌ನಲ್ಲಿ ಹಗಲೇ ಎಂಟು ಗಂಟೆ, ಅದೂ ಮಂಕು ಬೆಳಕು. ವಿಜಯಪುರದಲ್ಲಿ ಡಿಸೆಂಬರ್‌ನಲ್ಲೂ ಹನ್ನೊಂದು ಗಂಟೆ ಹಗಲು, ಮೋಡ ಇಲ್ಲದ ಆಕಾಶ. ಗಾಳಿ ನಿಲ್ಲಿಸುವ ಆ ಬಯಲು ಆಕಾಶವೇ ಹಗಲು ಸೋಲಾರ್‌ಗೆ ಒಳ್ಳೆಯದು. ರಾಜ್ಯದಲ್ಲಿ ಸೋಲಾರ್ ಸಾಮರ್ಥ್ಯ 9 ಸಾವಿರ ಮೆಗಾವ್ಯಾಟ್‌ಗೂ ಹೆಚ್ಚು, ಪಾವಗಡದ ಪಾರ್ಕ್ ಒಂದೇ 2,050. ಅದಕ್ಕೇ ನಮ್ಮ ತೊಂದರೆ ಸೂರ್ಯ ಏರುವ ಮುಂಚೆ, ಮುಳುಗಿದ ಮೇಲೆ ಮಾತ್ರ.

ಬೆಳಗ್ಗೆ ಏಳಕ್ಕೆ ಎಲ್ಲರೂ ಒಟ್ಟಿಗೆ

ಬೇಡಿಕೆ ಕಡೆ ಬರೋಣ. ಒಟ್ಟು ಲೆಕ್ಕದಲ್ಲಿ ನಮ್ಮಲ್ಲಿ ಕರೆಂಟ್ ಅತಿ ಹೆಚ್ಚು ಬೇಕಾಗುವುದು ಬೇಸಿಗೆಗೆ. 2024ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತ್ತು. ಚಳಿಗಾಲದಲ್ಲಿ ಫ್ಯಾನ್ ಇಲ್ಲ, ಕೂಲರ್ ಇಲ್ಲ. ಆದರೆ ಬೇಸಿಗೆಯ ಬೇಡಿಕೆ ದಿನವಿಡೀ ಹರಡಿರುತ್ತದೆ, ಚಳಿಗಾಲದ್ದು ಬೆಳಗ್ಗೆ ಒಂದೇ ಏಟಿಗೆ ಬಂದು ಬೀಳುತ್ತದೆ.

ಗೀಸರ್ ಲೆಕ್ಕ ಹಾಕಿ ನೋಡಿ. 20 ಲೀಟರ್ ಬಕೆಟ್ ನೀರನ್ನು 42 ಡಿಗ್ರಿಗೆ ತರಬೇಕು ಅಂದುಕೊಳ್ಳಿ. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರೇ 30 ಡಿಗ್ರಿ ಇರುತ್ತದೆ, ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಸಾಕು. ಥಂಡಿಯಲ್ಲಿ, ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುವ ದಿನಗಳಲ್ಲಿ ಟ್ಯಾಂಕಿನ ನೀರು 18ಕ್ಕೆ ಇಳಿದಿದ್ದರೆ ಅದೇ ಬಕೆಟ್‌ಗೆ ಅರ್ಧ ಯೂನಿಟ್‌ಗೂ ಮೇಲೆ. ಸರಿಯಾಗಿ ಎರಡು ಪಟ್ಟು. ಬೇಸಿಗೆಯಲ್ಲಿ ಎಷ್ಟೋ ಜನ ತಣ್ಣೀರೇ ಹಾಕಿಕೊಳ್ಳುತ್ತಾರೆ, ಅದು ಬೇರೆ. 15 ಲೀಟರ್ ಗೀಸರನ್ನು 18ರಿಂದ 55ಕ್ಕೆ ಕಾಯಿಸಿದರೆ 0.65 ಯೂನಿಟ್, 2 ಕಿಲೋವ್ಯಾಟ್ ಕಾಯಿಲ್‌ಗೆ ಇಪ್ಪತ್ತು ನಿಮಿಷ. ಮನೆಯಲ್ಲಿ ನಾಲ್ಕು ಮಂದಿ ಒಬ್ಬರಾದ ಮೇಲೆ ಒಬ್ಬರು ಹೀಗೆ ಮಾಡಿದರೆ ದಿನಕ್ಕೆ 2.6, ತಿಂಗಳಿಗೆ 78 ಯೂನಿಟ್.

ಗೃಹಜ್ಯೋತಿ ಇದ್ದವರು ಈ 78 ಅನ್ನು ನೆನಪಿಟ್ಟುಕೊಳ್ಳಿ. ನಿಮಗೆ ಉಚಿತ ಅಂತ ಗೊತ್ತುಮಾಡಿದ ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಬಿಲ್ ಬರುತ್ತದೆ. 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಬೇರೆ ತಿಂಗಳು 130-140ರಲ್ಲಿ ಇರುವ ಮನೆ ಜನವರಿಯಲ್ಲಿ ಇನ್ನೂರರ ಗೆರೆ ದಾಟುವುದಕ್ಕೆ ಗೀಸರ್ ಒಂದೇ ಸಾಕು. ಮೀಟರ್ ಓದಿದ ತಾರೀಖಿನಿಂದ ಹದಿನೈದನೇ ದಿನ ಒಮ್ಮೆ ಮೀಟರ್ ನೋಡಿ. ಆಗಲೇ 100 ದಾಟಿದ್ದರೆ ಉಳಿದ ದಿನ ಕೈ ಬಿಗಿ ಮಾಡಿ.

ನಾಳೆ ಹೇಗಿರುತ್ತದೆ ಅಂತ ನೋಡುವುದು

ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ. ರಾತ್ರಿ ಐದು ನಿಮಿಷ ಮೊಬೈಲ್ ನೋಡಿದರೆ ಆಯಿತು.

ಮೊದಲು ಗಾಳಿ. ವಿಂಡಿ ಆ್ಯಪ್‌ನಲ್ಲಿ ಎತ್ತರ ಬದಲಾಯಿಸಲು ಬರುತ್ತದೆ. ನೆಲದ ಗಾಳಿ ಬಿಟ್ಟು 100 ಮೀಟರ್‌ಗೆ ಹಾಕಿ, ಗದಗ, ಚಿತ್ರದುರ್ಗದ ಮೇಲೆ ಬೆರಳಿಡಿ. ಬೆಳಗ್ಗೆ ಆರಕ್ಕೆ ಸೆಕೆಂಡಿಗೆ 4 ಮೀಟರ್‌ಗಿಂತ ಕಡಿಮೆ ತೋರಿಸಿದರೆ ಗಾಳಿ ಕರೆಂಟ್ ಹೆಸರಿಗೆ ಮಾತ್ರ.

ಆಮೇಲೆ ರಾಜ್ಯದ ದೊಡ್ಡ ಲೈನ್ ನೋಡಿಕೊಳ್ಳುವ ಕೆಪಿಟಿಸಿಎಲ್‌ನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ವೆಬ್‌ಸೈಟ್. ಎಸ್‌ಎಲ್‌ಡಿಸಿ ಅಂತ ಹುಡುಕಿದರೆ ಸಿಗುತ್ತದೆ. ಈ ಕ್ಷಣ ರಾಜ್ಯ ಎಷ್ಟು ಎಳೆಯುತ್ತಿದೆ, ಯಾವ ಸ್ಥಾವರ ಎಷ್ಟು ಕೊಡುತ್ತಿದೆ, ಗಾಳಿ ಎಷ್ಟು, ಸೋಲಾರ್ ಎಷ್ಟು, ಫ್ರೀಕ್ವೆನ್ಸಿ ಎಷ್ಟು ಎಲ್ಲ ಅದರಲ್ಲಿದೆ. ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನುವ ಲೆಕ್ಕ, 49.90ರಿಂದ 50.05 ಹರ್ಟ್ಜ್ ನಡುವೆ ಇದ್ದರೆ ಸರಿ. 49.90ರ ಕೆಳಗೆ ಹೋಗಿ ಅಲ್ಲೇ ನಿಂತಿದ್ದರೆ ದೇಶದಲ್ಲೇ ಎಳೆತ ಜಾಸ್ತಿ, ಪೂರೈಕೆ ಕಡಿಮೆ ಅಂತ. ನನಗಂತೂ ಈ ಪುಟ ಕ್ರಿಕೆಟ್ ಸ್ಕೋರ್‌ಗಿಂತ ರುಚಿ.

ಇನ್ನೂ ಆಸಕ್ತಿ ಇದ್ದರೆ ಐಇಎಕ್ಸ್ ಅನ್ನುವ ವಿದ್ಯುತ್ ಪೇಟೆಯ ಮರುದಿನದ ದರ ನೋಡಿ. ದಿನವನ್ನು 15 ನಿಮಿಷದ 96 ತುಂಡು ಮಾಡಿ ಪ್ರತಿಯೊಂದಕ್ಕೂ ದರ ಗೊತ್ತುಮಾಡುತ್ತಾರೆ, ಹಿಂದಿನ ದಿನವೇ ಪ್ರಕಟ ಆಗುತ್ತದೆ. ಯೂನಿಟ್‌ಗೆ 10 ರೂಪಾಯಿ ಮಿತಿ ಇದೆ. ಯಾವ ಹೊತ್ತಿಗೆ ದರ ಆ ಮಿತಿಯ ಹತ್ತಿರ ಹೋಗಿದೆಯೋ ಅದೇ ಬಿಗಿ ಹೊತ್ತು. ಈ ದರ ನಿಮ್ಮ ಮನೆ ಬಿಲ್‌ಗೆ ನೇರವಾಗಿ ಬರುವುದಿಲ್ಲ, ಆದರೆ ಯಾವ ಹೊತ್ತು ಎಷ್ಟು ಬಿಗಿ ಅಂತ ತಿಳಿಯುತ್ತದೆ.

ಮನೆಯಲ್ಲಿ

ಗೀಸರನ್ನು ಐದಕ್ಕೆ ಹಚ್ಚಿ, ಐದೂವರೆಗೆ ಆರಿಸಿ. ಒಳ್ಳೆಯ ಸ್ಟೋರೇಜ್ ಗೀಸರ್‌ನಲ್ಲಿ ನೀರು ಎರಡು-ಮೂರು ಗಂಟೆ ಬಿಸಿಯಾಗೇ ಇರುತ್ತದೆ. ಮೊದಲ ಸ್ನಾನ ಏಳಕ್ಕಾದರೂ ನಡೆಯುತ್ತದೆ, ಆ ಹೊತ್ತಿಗೆ ನಿಮ್ಮ 2 ಕಿಲೋವ್ಯಾಟ್ ಲೈನಿನ ಮೇಲೆ ಇರುವುದಿಲ್ಲ. ಥರ್ಮೋಸ್ಟಾಟ್ 50ರ ಆಸುಪಾಸು ಇರಲಿ. 70ಕ್ಕೆ ಇಟ್ಟು ಅರ್ಧ ತಣ್ಣೀರು ಬೆರೆಸುವುದರಲ್ಲಿ ಅರ್ಥ ಇಲ್ಲ.

ಮನೆಯಲ್ಲಿ ಹಿರಿಯರಿದ್ದರೆ ಅವರ ಸ್ನಾನ ಹನ್ನೊಂದಕ್ಕೆ ಇಟ್ಟುಕೊಳ್ಳಿ. ಅವರಿಗೂ ಬಿಸಿಲು ಹೊತ್ತು ಹಿತ. "ಜಳಕ ಆಗದ ಪೂಜಿ ಹ್ಯಾಂಗ ಮಾಡ್ಲೋ?" ಅಂತ ಅಜ್ಜಿ ಬೈದರೆ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸೋಲಾರ್ ವಾಟರ್ ಹೀಟರ್ ಇದ್ದವರು ರಾತ್ರಿ ಪಾತ್ರೆ ತೊಳೆಯಲು ಆ ಬಿಸಿನೀರು ಖಾಲಿ ಮಾಡಬೇಡಿ. ಖಾಲಿಯಾದಷ್ಟೂ ತಣ್ಣೀರು ತುಂಬಿಕೊಳ್ಳುತ್ತದೆ, ಬೆಳಗ್ಗೆ ಉಗುರು ಬೆಚ್ಚಗಿನ ನೀರೇ ಗತಿ. ಹಳ್ಳಿಯಲ್ಲಿ ಹಂಡೆ, ತೊಗರಿ ಕಟ್ಟಿಗೆ ಇನ್ನೂ ಇದೆಯಾ? ಬಿಡಬೇಡಿ. ಕರೆಂಟ್ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ.

ವಾಷಿಂಗ್ ಮಷಿನ್, ಇಸ್ತ್ರಿ, ಮಿಕ್ಸರ್, ನೀರೆತ್ತುವ ಪಂಪು ಎಲ್ಲ ಹತ್ತರ ಮೇಲೆ. ತಾರಸಿ ಟ್ಯಾಂಕ್ ಮಧ್ಯಾಹ್ನವೇ ತುಂಬಿಸಿಡಿ, ಬೆಳಗ್ಗೆ ಆರಕ್ಕೆ ಎಲ್ಲರ ಮನೆಯ ಪಂಪೂ ಒಟ್ಟಿಗೆ ಗುಂಯ್ ಅನ್ನುವುದು ತಪ್ಪುತ್ತದೆ.

ನೀರು ಕಾಯಲು ತಡ ಆಗುತ್ತಿದ್ದರೆ ಗೀಸರ್ ಕೆಟ್ಟಿದೆ ಅಂತ ಮೆಕ್ಯಾನಿಕ್ ಕರೆಯುವ ಮುಂಚೆ ವೋಲ್ಟೇಜ್ ನೋಡಿ. 230 ಇರಬೇಕಾದದ್ದು 180ಕ್ಕೆ ಇಳಿದರೆ 2 ಕಿಲೋವ್ಯಾಟ್ ಗೀಸರ್ 1.2 ಆಗಿಬಿಡುತ್ತದೆ. ಯೂನಿಟ್ ಅಷ್ಟೇ ಸುಡುತ್ತದೆ, ಹೊತ್ತು ಜಾಸ್ತಿ.

ಜೀವದ ಮಾತು ಎರಡು. ಹೀಟರ್ ರಾಡ್ ಪ್ಲಗ್ ತೆಗೆಯದೆ ಬಕೆಟ್ ನೀರಿಗೆ ಕೈ ಹಾಕಬೇಡಿ. ಥಂಡಿ ಅಂತ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಶೆಗಡಿ ಇಟ್ಟು ಮಲಗಬೇಡಿ, ಕಿಟಕಿ ಇಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಬೇಡ. ಅವುಗಳಿಂದ ಬರುವ ವಿಷಗಾಳಿಗೆ (ಕಾರ್ಬನ್ ಮೊನಾಕ್ಸೈಡ್) ವಾಸನೆ ಇರುವುದಿಲ್ಲ, ಜೀವ ಹೋಗುತ್ತದೆ.

ಹೊಲದಲ್ಲಿ

ಇಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ಕಡೆಯ ಬೇಡಿಕೆ ಅಂದರೆ ಮೋಟರ್. ರಾಜ್ಯದಲ್ಲಿ ಸುಮಾರು 34 ಲಕ್ಷ ಕೃಷಿ ಪಂಪ್‌ಸೆಟ್ ಇವೆ. 5 ಎಚ್‌ಪಿ ಮೋಟರ್ ಓಡುವಾಗ ಸುಮಾರು ನಾಲ್ಕೂವರೆ ಕಿಲೋವ್ಯಾಟ್ ಎಳೆಯುತ್ತದೆ. ಏಳು ಗಂಟೆ ತ್ರೀ ಫೇಸ್ ಅಂದರೆ 30 ಯೂನಿಟ್‌ಗೂ ಮೇಲೆ. ಎರಡು ಗೀಸರ್‌ಗಿಂತ ಜಾಸ್ತಿ, ಅದೂ ಗಂಟೆಗಟ್ಟಲೆ.

ಮೊದಲ ಪ್ರಶ್ನೆ, ಈಗ ನೀರು ಬೇಕೇ ಬೇಕಾ? ಎರೆ ಭೂಮಿಯ ಹಿಂಗಾರಿ ಕಡಲೆ, ಬಿಳಿ ಜೋಳ ನೆಲದ ಹಸಿಯಲ್ಲೇ, ಇಬ್ಬನಿಯಲ್ಲೇ ಬಹಳಷ್ಟು ಬೆಳೆಯುತ್ತವೆ. ಕಡಲೆಗೆ ನೀರು ಜಾಸ್ತಿ ಆದರೆ ಸೊಪ್ಪು ಬೆಳೆದು ಕಾಯಿ ಕಡಿಮೆ ಆಗುತ್ತದೆ. ಕಬ್ಬಿಗೂ ಚಳಿಗಾಲದಲ್ಲಿ ಬೇಸಿಗೆಯಷ್ಟು ಬೇಕಿಲ್ಲ, ಸರದಿಯನ್ನು ಉದ್ದ ಮಾಡಬಹುದು. ಕರೆಂಟ್ ಬಂತು ಅಂತ ಮೋಟರ್ ಹಚ್ಚುವುದು ನಮ್ಮಲ್ಲಿ ರೂಢಿ ಆಗಿಬಿಟ್ಟಿದೆ. ಬಿಲ್ ಬರುವುದಿಲ್ಲ ಅನ್ನುವುದೂ ಒಂದು ಕಾರಣ, ಅಲ್ವಾ? ಸುಮ್ನೆ ಮಣ್ಣು ಸವಳು ಆಗುತ್ತದೆ, ಕೆನಾಲ್ ಏರಿಯಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ಆ ಕ್ಷಣಕ್ಕೆ ಒಂದು ಟಿಸಿಯ ಮೇಲಿನ ಎಲ್ಲ ಮೋಟರ್ ಒಟ್ಟಿಗೆ ಏಳುತ್ತವೆ. ಏಳುವಾಗ ಮೋಟರ್ ಓಡುವಾಗಿನದಕ್ಕಿಂತ ಆರು-ಏಳು ಪಟ್ಟು ಕರೆಂಟ್ ಎಳೆಯುತ್ತದೆ. 63 ಕೆವಿಎ ಟಿಸಿಗೆ 5 ಎಚ್‌ಪಿ ಮೋಟರ್ ಹತ್ತು-ಹನ್ನೊಂದು ಹೊಂದುತ್ತವೆ, ಆದರೆ ಹತ್ತೂ ಒಂದೇ ಸಲ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ಯಾವ ಮೋಟರೂ ಸರಿಯಾಗಿ ಏಳುವುದಿಲ್ಲ, ಫ್ಯೂಜ್ ಹಾರುತ್ತದೆ. ಪರಿಹಾರ ಬಹಳ ಸರಳ. ಆಟೋ ಸ್ಟಾರ್ಟರ್‌ಗೆ ತಡ ಮಾಡಿ ಏಳುವ ಟೈಮರ್ ಇರುತ್ತದೆ. ಒಂದೇ ಟಿಸಿಯವರು ಕೂತು ಮಾತಾಡಿಕೊಂಡು, ಮೊದಲಿನವರು ಒಂದು ನಿಮಿಷ, ಮುಂದಿನವರು ಎರಡು, ಹೀಗೆ ಸರದಿ ಹಾಕಿಕೊಳ್ಳಿ. ಖರ್ಚು ಏನೂ ಇಲ್ಲ. ಒಂದು ಕಪ್ ಚಹಾ, ಸ್ವಲ್ಪ ಒಗ್ಗಟ್ಟು. ಎರಡನೆಯದೇ ಕಷ್ಟ ಅಂತ ಗೊತ್ತು.

ವೋಲ್ಟೇಜ್ ಕಡಿಮೆ ಇದ್ದಾಗ ಮೋಟರ್ ಗೀಸರ್ ಥರ ಅಲ್ಲ. ಗೀಸರ್ ಸುಮ್ಮನೆ ನಿಧಾನ ಆಗುತ್ತದೆ. ಮೋಟರ್ ಅದೇ ಕೆಲಸ ಮಾಡಲು ಹೆಚ್ಚು ಕರೆಂಟ್ ಎಳೆದು ಬಿಸಿಯಾಗಿ ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಲೋ ವೋಲ್ಟೇಜ್‌ಗೆ, ಒಂದು ಫೇಸ್ ಹೋದರೆ ತಾನೇ ಆಫ್ ಆಗುವ ಪ್ರಿವೆಂಟರ್ ಹಾಕಿಸಿ, ರಿವೈಂಡಿಂಗ್ ಖರ್ಚಿಗೆ ಹೋಲಿಸಿದರೆ ಅದೇನೂ ಅಲ್ಲ. 5 ಎಚ್‌ಪಿಗೆ 2 ಕೆವಿಎಆರ್ ಕೆಪಾಸಿಟರ್ ಇದ್ದರೆ ಟಿಸಿಯ ಮೇಲಿನ ಭಾರವೂ ಇಳಿಯುತ್ತದೆ. ಸಿಂಗಲ್ ಫೇಸ್ ಹೊತ್ತಿನಲ್ಲಿ ಕಂಡೆನ್ಸರ್ ಕಟ್ಟಿ ತ್ರೀ ಫೇಸ್ ಮೋಟರ್ ಓಡಿಸುವವರು ಎಲ್ಲ ಊರಲ್ಲೂ ಇದ್ದಾರೆ. ಮಾಡಬೇಡಿ. ಟಿಸಿ ಸುಟ್ಟರೆ ಎಲ್ಲರ ಬೆಳೆಗೂ ಹೊಡೆತ.

ಮೂರನೆಯದು ಹೊತ್ತು. ಹೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ನಿಮ್ಮ ಫೀಡರ್‌ನ (ಸಬ್‌ಸ್ಟೇಷನ್‌ನಿಂದ ನಿಮ್ಮ ಕಡೆ ಬರುವ ಲೈನಿನ) ತ್ರೀ ಫೇಸ್ ಬ್ಯಾಚ್ ಯಾವಾಗ ಅಂತ ಬರೆಸಿಕೊಂಡು ಬನ್ನಿ. ಹಗಲಿನ ಬ್ಯಾಚ್ ಕೇಳಿ, ಊರವರು ಸೇರಿ ಅರ್ಜಿ ಕೊಡಿ. ಹಿಂದೆ ರಾತ್ರಿ ಕರೆಂಟ್ ಕೊಡುವುದಕ್ಕೆ ಕಾರಣ ಇತ್ತು, ಹಗಲು ಕೊರತೆ, ರಾತ್ರಿ ಉಳಿತಾಯ. ಈಗ ಸೋಲಾರ್ ಬಂದ ಮೇಲೆ ಲೆಕ್ಕ ತಿರುಗಿದೆ. ಥಂಡಿಯಲ್ಲಿ ರಾತ್ರಿ ಎರಡಕ್ಕೆ ಎದ್ದು ಹಾವು-ಚೇಳು ನೋಡಿಕೊಂಡು ಕಬ್ಬಿಗೆ ನೀರು ಹಾಯಿಸುವುದನ್ನು ಮುಂದುವರಿಸಲು ಕಾರಣ ಕಡಿಮೆ ಆಗುತ್ತಿದೆ. ಪಿಎಂ ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರ್‌ಗಳನ್ನೇ ಸೋಲಾರ್‌ಗೆ ಜೋಡಿಸುವ ಕೆಲಸ ನಡೆದಿದೆ. ನಿಮ್ಮ ಸಬ್‌ಸ್ಟೇಷನ್ ಆ ಪಟ್ಟಿಯಲ್ಲಿ ಇದೆಯಾ ಅಂತಲೂ ಅಲ್ಲೇ ಕೇಳಿ.

ಗಿರಣಿ, ಮಗ್ಗ, ಫೌಂಡ್ರಿ

ಹಿಟ್ಟಿನ ಗಿರಣಿಯವರು ಬೆಳಗ್ಗೆ ಡಬ್ಬಿ ಇಳಿಸಿಕೊಂಡು ಹತ್ತರ ಮೇಲೆ ಬೀಸಿದರೆ ಗಿರಾಕಿಗೆ ಏನೂ ತೊಂದರೆ ಇಲ್ಲ. ರಬಕವಿ-ಬನಹಟ್ಟಿಯ ಮಗ್ಗದವರಿಗೆ ಪಾಳಿ ಬದಲಿಸುವುದು ಅಷ್ಟು ಸುಲಭ ಅಲ್ಲ, ಆದರೂ ಕಂಡಿಕೆ ಸುತ್ತುವುದು, ಎಳೆ ಜೋಡಿಸುವುದು ಇಂಥ ಕರೆಂಟ್ ಕಡಿಮೆ ಬೇಡುವ ಕೆಲಸ ಬಿಗಿ ಹೊತ್ತಿಗೆ ಇಟ್ಟುಕೊಳ್ಳಬಹುದು. ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಿಗೆ ಇದು ದುಡ್ಡಿನ ಮಾತು. ಎಚ್‌ಟಿ, ಅಂದರೆ ಹೈ ಟೆನ್ಷನ್ ಸಂಪರ್ಕದವರಿಗೆ ಹೊತ್ತಿಗೆ ತಕ್ಕ ದರ ಇದೆ. ಬಿಲ್‌ನಲ್ಲಿ ಅದರ ಸಾಲು ಹುಡುಕಿ, ಈ ವರ್ಷದ ಆದೇಶದಲ್ಲಿ ಯಾವ ಗಂಟೆಗೆ ಜಾಸ್ತಿ, ಯಾವುದಕ್ಕೆ ಕಡಿಮೆ ಅಂತ ನೋಡಿಕೊಂಡು ಕುಲುಮೆ ಹಚ್ಚಿ.

ತಾರಸಿ ಸೋಲಾರ್ ಇದ್ದರೆ

ಪ್ಯಾನೆಲ್‌ಗೆ ಬೆಳಕು ಬೇಕು, ಸೆಕೆ ಬೇಡ. ಪ್ರತಿ ಡಿಗ್ರಿ ಬಿಸಿ ಇಳಿದಂತೆ ಶೇಕಡ 0.3-0.4ರಷ್ಟು ಹೆಚ್ಚು ಕೊಡುತ್ತದೆ. ಥಂಡಿ ಬಿಸಿಲು ಅದಕ್ಕೆ ಹಬ್ಬ. ಆದರೆ ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನಡುಮಧ್ಯಾಹ್ನವೂ ವಿಜಯಪುರದಲ್ಲಿ 50 ಡಿಗ್ರಿ ಎತ್ತರ ಮಾತ್ರ. ಬೇಸಿಗೆಯಲ್ಲಿ ಬೀಳದ ನೀರಿನ ಟ್ಯಾಂಕಿನ ನೆರಳು ಈಗ ಪ್ಯಾನೆಲ್ ಮೇಲೆ ಬೀಳಬಹುದು. ಒಂದು ಸಲ ತಾರಸಿ ಹತ್ತಿ ನೋಡಿ. ಸಕ್ಕರೆ ಕಾರ್ಖಾನೆ ಹತ್ತಿರದವರಿಗೆ ಇನ್ನೊಂದು ಕೆಲಸ. ಗಾಳಿ ಇಲ್ಲದ ದಿನ ಚಿಮಣಿಯ ಕರಿ ಬೂದಿ ದೂರ ಹೋಗದೆ ಅಲ್ಲೇ ಇಳಿಯುತ್ತದೆ, ಇಬ್ಬನಿ ಸೇರಿ ಅಂಟಿಕೊಳ್ಳುತ್ತದೆ. ಬೆಳಗ್ಗೆ ಪ್ಯಾನೆಲ್ ತಣ್ಣಗಿದ್ದಾಗಲೇ ನೀರು ಹಾಕಿ ಒರೆಸಿ.

ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ತಾರಸಿ ಸೋಲಾರ್‌ಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಆದರೆ ಬ್ಯಾಟರಿ ಇಲ್ಲದ ಸೋಲಾರ್ ಲೈನಿನ ಕರೆಂಟ್ ಹೋದಾಗ ತಾನೂ ಆಫ್ ಆಗುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಬೆಳಗ್ಗೆ ಏಳರ ಕರೆಂಟ್ ಕಡಿತಕ್ಕೆ ಇದು ಮದ್ದಲ್ಲ. ಅದಕ್ಕೆ ಇನ್ವರ್ಟರ್ ಬೇಕು, ಅದನ್ನೂ ಹಗಲಿನಲ್ಲೇ ಚಾರ್ಜ್ ಆಗುವಂತೆ ನೋಡಿಕೊಳ್ಳಿ. ಥಂಡಿಗೆ ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ.

ಹೋದಾಗ ಏನು ಮಾಡಬೇಕು

ಥಂಡಿ ಬೆಳಗ್ಗೆ ಕರೆಂಟ್ ಹೋದ ಕೂಡಲೇ ರಾಜ್ಯದಲ್ಲಿ ಕೊರತೆ ಅಂದುಕೊಳ್ಳಬೇಡಿ. ಬಹಳ ಸಲ ಅದು ನಿಮ್ಮ ಟಿಸಿಯ ಫ್ಯೂಜ್. ಕಿಟಕಿ ತೆಗೆದು ನೋಡಿ. ನಿಮ್ಮ ಓಣಿ ಮಾತ್ರ ಹೋಗಿ ಹಿಂದಿನ ಓಣಿಯಲ್ಲಿ ಇದ್ದರೆ ಟಿಸಿ. ಅರ್ಧ ಊರು ಹೋಗಿದ್ದರೆ ಫೀಡರ್. ಗಂಟೆಗೆ ಸರಿಯಾಗಿ ಹೋಗಿ ಗಂಟೆಗೆ ಸರಿಯಾಗಿ ಬಂದರೆ, ದಿನಾ ಅದೇ ಹೊತ್ತಿಗೆ ಆದರೆ, ಅದು ಲೋಡ್ ಶೆಡ್ಡಿಂಗ್. ಎಸ್‌ಎಲ್‌ಡಿಸಿ ಪುಟದಲ್ಲಿ ಫ್ರೀಕ್ವೆನ್ಸಿ ಚೆನ್ನಾಗಿದ್ದು ನಿಮ್ಮಲ್ಲಿ ಮಾತ್ರ ಇಲ್ಲ ಅಂದರೆ ತೊಂದರೆ ಬಹುತೇಕ ಊರೊಳಗೇ ಇದೆ.

ಹೆಸ್ಕಾಂ ಸಹಾಯವಾಣಿ 1912. ಕರೆ ಮಾಡುವಾಗ ಬಿಲ್‌ನಲ್ಲಿರುವ ಆರ್‌ಆರ್ ನಂಬರ್, ಹತ್ತಿರದ ಟಿಸಿಯ ಮೇಲೆ ಬರೆದ ನಂಬರ್, ಎಷ್ಟು ಮನೆ ಹೋಗಿದೆ, ಯಾವಾಗ ಹೋಯಿತು ಇಷ್ಟು ಹೇಳಿ, ದೂರಿನ ನಂಬರ್ ಬರೆದುಕೊಳ್ಳಿ. ಕರೆಂಟ್ ತಿರುಗಿ ಬರುವವರೆಗೆ ಗೀಸರ್, ಮೋಟರ್, ಇಸ್ತ್ರಿ ಎಲ್ಲದರ ಸ್ವಿಚ್ ಆರಿಸಿಡಿ, ಬಂದ ಮೇಲೆ ಐದು ನಿಮಿಷ ಬಿಟ್ಟು ಒಂದೊಂದಾಗಿ ಹಚ್ಚಿ. ಲೈನ್‌ಮನ್ ಆ ಥಂಡಿಯಲ್ಲಿ ಕಂಬ ಹತ್ತಿ ಹಾಕಿದ ಫ್ಯೂಜ್ ಮತ್ತೆ ಹಾರದಿರಲು ಇದೊಂದೇ ದಾರಿ. ವಾರದಲ್ಲಿ ಎರಡು-ಮೂರು ಸಲ ಅದೇ ಟಿಸಿ ಹೋದರೆ ಫ್ಯೂಜ್ ಹಾಕಿಸಿಕೊಂಡು ಸುಮ್ಮನಿರಬೇಡಿ, ಆ ದೂರಿನ ನಂಬರ್‌ಗಳನ್ನೆಲ್ಲ ಸೇರಿಸಿ ಸೆಕ್ಷನ್ ಆಫೀಸಿಗೆ ಹೆಚ್ಚುವರಿ ಟಿಸಿಗೆ ಅರ್ಜಿ ಬರೆಯಿರಿ, ಸ್ವೀಕರಿಸಿದ್ದಕ್ಕೆ ಸಹಿ-ಸೀಲ್ ಹಾಕಿಸಿಕೊಂಡು ಬನ್ನಿ.